ಗಂಡನಿಗಿಂತ ಉದ್ದದ ಸ್ಕೀ

ಮದುವೆಯ ಫೋಟೋದಲ್ಲಿ ಜಯದೇವ ಮಣೆಯ ಮೇಲೆ ನಿಂತಿದ್ದಾನೆ, ಊರ್ಮಿಳಾ ನೆಲದ ಮೇಲೆ. ಪಂಚೆಯ ಅಂಚನ್ನು ಮುಂದಕ್ಕೆ ಇಳಿಬಿಟ್ಟು ಆ ಮಣೆ ಕಾಣದ ಹಾಗೆ ಮಾಡಿದ್ದು ಫೋಟೋ ತೆಗೆದವನ ಜಾಣತನವಲ್ಲ, ಅತ್ತೆ ಕಾಶಮ್ಮನವರ ಮುಂದಾಲೋಚನೆ. ಹುಡುಗಿ ಹುಡುಗನಿಗಿಂತ ಎರಡು ಬೆರಳು ಎತ್ತರ ಎಂಬುದೊಂದನ್ನು ಬಿಟ್ಟರೆ ಜಾತಕದಲ್ಲಿ ಎಲ್ಲವೂ ಕೂಡಿಬಂದಿತ್ತು. "ಎತ್ತರ ಏನ್ ಮಹಾ, ಸ್ವಲ್ಪ ಬಗ್ಗಿ ನಡೆದ್ರಾಯ್ತು" ಎಂದು ಕಾಶಮ್ಮ ಅಂದೇ ತೀರ್ಪು ಕೊಟ್ಟಿದ್ದರು. ಮೈಸೂರಿನ ಕಾಲೇಜಿನಲ್ಲಿ ನೆಟ್ಟಿನ ಮೇಲಿಂದ ವಾಲಿಬಾಲ್ ಬಡಿಯುತ್ತಿದ್ದ ಹುಡುಗಿ ಅಂದಿನಿಂದ ಹಿಮ್ಮಡಿಯಿಲ್ಲದ ಚಪ್ಪಲಿ ಮೆಟ್ಟಿ, ಭುಜ ಕುಗ್ಗಿಸಿ, ಗಂಡನಿಗಿಂತ ಅರ್ಧ ಹೆಜ್ಜೆ ಹಿಂದೆ ನಡೆಯುವುದನ್ನು ಕಲಿತಳು. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಗಾದೆ ಗೊತ್ತಿದ್ದ ಮಾತ್ರಕ್ಕೆ ಗುದ್ದು ತಪ್ಪುತ್ತದೆಯೇ?

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಲೋಕವೆಲ್ಲ ಹೆದರಿದ್ದ ಕಾಲ. ಆ ಹೆದರಿಕೆಯ ಪುಣ್ಯದಿಂದ ಜಯದೇವನಿಗೆ ಡಚ್ಚರ ದೇಶದಲ್ಲಿ, ಜೂಟರ್‌ಮೀರಿನ ಆಫೀಸೊಂದರಲ್ಲಿ ಕೆಲಸ, ವೂರ್‌ಬರ್ಗಿನಲ್ಲಿ ಮೂರನೇ ಮಹಡಿಯ ಮನೆ. ಕೆಲಸ ಮಾಡುವ ಪರ್ಮಿಟ್ಟು ಅವನಿಗೆ ಮಾತ್ರ. ಊರ್ಮಿಳಾ ಹೆಂಡತಿಯಾಗಿ ಬಂದವಳು, ಹೆಂಡತಿಯಾಗಿಯೇ ಇರಬೇಕು. ಕೆಳಗಿನ ಮನೆಯ ವತ್ಸಲಾ ಒಂದು ಬುಧವಾರ ಅವಳನ್ನು ಜೂಟರ್‌ಮೀರಿಗೆ ಕರೆದುಕೊಂಡು ಹೋದಳು. ಗುಡ್ಡವೆಂಬುದೇ ಇಲ್ಲದ ಈ ದೇಶದವರು ಅಲ್ಲಿ ಒಂದು ದಿಬ್ಬ ಎಬ್ಬಿಸಿ, ಅದಕ್ಕೆ ಸೂರು ಹಾಕಿ, ಒಳಗೆ ಹಿಮ ಸುರಿದು, ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ವರ್ಷವಿಡೀ ಜಾರುತ್ತಿದ್ದರು. ವತ್ಸಲಾ ಮೊದಲ ದಿನವೇ ಬಿದ್ದು, "ನನ್ನ ಸೊಂಟ ನೆಟ್ಟಗಿದ್ರೆ ಸಾಕು ಕಣೇ" ಎಂದು ಕೈಮುಗಿದಳು. ಊರ್ಮಿಳಾ ಮಾತ್ರ ಬಿಡಲಿಲ್ಲ.

ಕಲಿಸುವವನು ಅವಳಿಗೆ ಹೇಳುತ್ತಿದ್ದುದು ಒಂದೇ ಮಾತು. ಮೊಣಕಾಲು ಬಗ್ಗಲಿ, ಬೆನ್ನು ಕುಗ್ಗುವುದು ಬೇಡ. ಕಾಲನ್ನು ನೋಡಬೇಡಿ, ದೂರ ನೋಡಿ. ಅದನ್ನು ಕೇಳಿ ಮೊದಲ ಸಲ ನಗು ಬಂತು, ಎರಡನೇ ಸಲ ಯಾಕೋ ಅಳು ಬಂತು. ಒಂದು ವರ್ಷ ಕಳೆಯುವಷ್ಟರಲ್ಲಿ ಅವಳು ದಿಬ್ಬದ ನೆತ್ತಿಯಿಂದ ಬುಡದವರೆಗೆ ಎಲ್ಲೂ ತಡವರಿಸದೆ ತಿರುವಿಗೆ ತಿರುವು ಸೇರಿಸುತ್ತ ಇಳಿಯುತ್ತಿದ್ದಳು. ವಾರದಲ್ಲಿ ಅಷ್ಟು ಹೊತ್ತು ಮಾತ್ರ ತನಗೆ ದೇವರು ಕೊಟ್ಟ ಎತ್ತರದಲ್ಲಿ ಇರುತ್ತಿದ್ದಳು. ಒಂದೇ ಕೊರಗು: ಬಾಡಿಗೆಯ ಸ್ಕೀ ವಾರಕ್ಕೊಂದು ಥರ. ತನ್ನ ಮೈಗೆ ಒಪ್ಪುವ, ತನ್ನದೇ ಆದ ಒಂದು ಜೋಡಿ ಬೇಕು ಎಂಬ ಆಸೆ ಅವಳಲ್ಲಿ ಬೇರುಬಿಟ್ಟಿತ್ತು. ಇಲ್ಲಿಗೆ ಬಂದ ಮೇಲೆ ತನಗಾಗಿ ಬೇಕು ಎನ್ನಿಸಿದ್ದು ಅದೊಂದೇ.

ಜಯದೇವನ ಲೆಕ್ಕದಲ್ಲಿ ಇದು ಹೆಂಡತಿಯ ಟೈಂಪಾಸು. ಅವನು ಎರಡು ಸಲ ಬಂದಿದ್ದ, ಎರಡು ಸಲವೂ ಹಿಮ ಸರಿಯಿಲ್ಲ ಎಂದಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಂಡಸರು ಅಂದರೆ ಅದನ್ನು ಅಭಿಪ್ರಾಯ ಅನ್ನುತ್ತಾರೆ. ಆದರೆ ಆ ಫೆಬ್ರವರಿಯಲ್ಲಿ ಅವನ ಸೆಕ್ಷನ್ನಿನವರೆಲ್ಲ ಹೆಂಡತಿಯರ ಸಮೇತ ಆಸ್ಟ್ರಿಯಾಕ್ಕೆ ಹೊರಟರು. ಎಲ್ಲರ ಹತ್ತಿರವೂ ಸ್ವಂತ ಸ್ಕೀ ಇದ್ದುದರಿಂದ ಇವರಿಗೂ ಬೇಕಾಯಿತು. ಶನಿವಾರ ಇಬ್ಬರೂ ಅಂಗಡಿಗೆ ಹೋದರು. ಊರ್ಮಿಳಾ ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಹಬ್ಬದ ಹಿಂದಿನ ದಿನದ ಮಕ್ಕಳ ಹಾಗೆ.

ಅಂಗಡಿಯ ಮರೈಕೆ ನರೆಗೂದಲಿನ, ಬಿಸಿಲಿಗೆ ಮುಖ ಕಂದಿದ ಹೆಂಗಸು. ಹೊಸ ಮಾದರಿ ಬಂದಿದೆ, ನಡು ಸಣ್ಣ, ತುದಿ ಅಗಲ, ಗಟ್ಟಿ ಹಿಮವಿರಲಿ, ಪುಡಿ ಹಿಮವಿರಲಿ, ಇಡೀ ಬೆಟ್ಟಕ್ಕೆ ಇದೊಂದೇ ಸಾಕು ಎಂದಳು. ಉದ್ದ ಎಷ್ಟು ಎಂಬುದು ಮಾತ್ರ ಆಳಿನ ಎತ್ತರ ಮತ್ತು ಕಲಿಕೆಯ ಮೇಲೆ. ಚೆನ್ನಾಗಿ ಆಡುವವರಿಗೆ ಉದ್ದ, ಹೊಸಬರಿಗೆ ಗಿಡ್ಡ.

"ನಾನು ಮೀಡಿಯಂ, ಇವಳು ಬಿಗಿನರ್" ಎಂದು ಜಯದೇವ ಇಂಗ್ಲಿಷಿನಲ್ಲಿ ಇಬ್ಬರ ಪರವಾಗಿಯೂ ಉತ್ತರ ಕೊಟ್ಟ.

ಮರೈಕೆ ವಾದ ಮಾಡಲಿಲ್ಲ. ಇಳಿಜಾರಿನಲ್ಲಿ ನಿಲ್ಲುವುದು ಹೇಗೆ, ತೋರಿಸಿ ಎಂದಳು. ಜಯದೇವ ಎರಡೂ ಪಾದಗಳ ಹೆಬ್ಬೆರಳು ಕೂಡಿಸಿ, ಸೊಂಟವನ್ನು ಹಿಂದಕ್ಕೆ ಚಾಚಿ, ಬಚ್ಚಲಲ್ಲಿ ಕಾಲು ಜಾರಿದವನಂತೆ ನಿಂತ. ಊರ್ಮಿಳಾ ಮೊಣಕಾಲು ಮಡಿಸಿ, ಸೊಂಟ ತಿರುಗಿಸಿ, ಎದೆ ಎತ್ತಿ ದೂರ ನೋಡಿದಳು. ಮರೈಕೆಗೆ ಅಷ್ಟು ಸಾಕಾಯಿತು. ಒಳಗೆ ಹೋಗಿ ಎರಡು ಜೋಡಿ ತಂದಳು. ಕಡುನೀಲಿ ಜೋಡಿಯನ್ನು ಊರ್ಮಿಳಾಳ ಪಕ್ಕದಲ್ಲಿ ನಿಲ್ಲಿಸಿದಳು, ಅದು ಅವಳ ನೆತ್ತಿಗೆ ಸಮವಾಗಿತ್ತು. ಹಳದಿ ಜೋಡಿಯನ್ನು ಜಯದೇವನ ಪಕ್ಕದಲ್ಲಿ ನಿಲ್ಲಿಸಿದಳು, ಅದು ಅವನ ಗಲ್ಲ ಮುಟ್ಟಿತು.

ಊರ್ಮಿಳಾ ನೀಲಿಯದನ್ನು ಕೈಗೆತ್ತಿಕೊಂಡಳು. ಅಂಚಿನ ಉಕ್ಕು ತಣ್ಣಗಿತ್ತು. ಅವಳ ಮುಖ ಅರಳಿದ್ದು ಅವಳಿಗೇ ಗೊತ್ತಾಯಿತು. ಗಂಡನಿಗೂ ಗೊತ್ತಾಗಿದೆಯೆಂದು ಆಮೇಲೆ ಹೊಳೆಯಿತು.

"ಅದಲುಬದಲಾಗಿದೆ" ಎಂದ ಜಯದೇವ.

"ಇಲ್ಲ ಮೆನೇರ್, ಸರಿಯಾಗೇ ಇದೆ. ಉದ್ದದ್ದು ನಿಮ್ಮ ಕೈಯಲ್ಲಿ ತಿರುಗುವುದಿಲ್ಲ. ಗಿಡ್ಡದ್ದು ಇವರಿಗೆ ವೇಗದಲ್ಲಿ ಅದುರುತ್ತದೆ" ಎಂದು ಮರೈಕೆ, ಸರ್ ಎಂಬುದೊಂದನ್ನು ಡಚ್ಚಿನಲ್ಲೇ ಉಳಿಸಿ, ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು.

ಜಯದೇವ ಅವಳಿಗೆ ಕೇಳಿಸಿದರೂ ತಿಳಿಯದ ಹಾಗೆ ಕನ್ನಡಕ್ಕೆ ಇಳಿದ. "ಊರ್ಮಿ, ಅಲ್ಲಿ ಎಲ್ರೂ ಸಾಲಾಗಿ ಸ್ಕೀ ನಿಲ್ಸಿರ್ತಾರೆ. ನಿಂದು ನಂದಕ್ಕಿಂತ ಒಂದು ಗೇಣು ಉದ್ದ ಇದ್ರೆ ನೋಡ್ದೋರು ಏನಂತಾರೆ? ನಂಗೆ ಮಕ್ಳ ಸೈಜು, ಹೆಂಡ್ತಿಗೆ ಗಂಡಸರ ಸೈಜಾ?"

"ರೀ, ಇದು ಬಟ್ಟೆ ಅಲ್ಲ. ಬೀಳ್ತೀರ."

"ಬಿದ್ರೆ ಎದ್ದೇಳ್ತೀನಿ. ಮರ್ಯಾದೆ ಬಿದ್ರೆ ಯಾರು ಎತ್ತಾರೆ?"

ಅವನು ಗದರಿದ್ದರೆ ಅವಳು ಅಂದು ಗಟ್ಟಿಯಾಗಿ ನಿಲ್ಲುತ್ತಿದ್ದಳೇನೋ. ಅವನು ಗದರಲಿಲ್ಲ. ಅವನ ಕಣ್ಣು ಅಂಗಲಾಚುತ್ತಿತ್ತು. ಆಫೀಸಿನಲ್ಲಿ ತನಗಿಂತ ಒಂದೊಂದು ಮೊಳ ಎತ್ತರದ ಡಚ್ಚರ ನಡುವೆ ದಿನವೂ ತಲೆಯೆತ್ತಿ ಮಾತಾಡಿ ಅವನ ಕತ್ತು ಸೋತಿತ್ತು. ಅವನ ಮಟ್ಟಕ್ಕೆ ಬಗ್ಗಲು ಭೂಮಿಯ ಮೇಲೆ ಉಳಿದವಳು ಇವಳೊಬ್ಬಳೇ. ಅದು ಅವಳಿಗೆ ಅರ್ಥವಾಗಿಬಿಟ್ಟಿತು, ಅರ್ಥವಾದದ್ದೇ ತಪ್ಪಾಯಿತು.

ಮರೈಕೆ ಗಂಡನನ್ನು ಬಿಟ್ಟು ಅವಳನ್ನೇ ಕೇಳಿದಳು. "ಮೆವ್ರೌ, ನಿಮಗೆ ಯಾವುದು ಬೇಕು?"

ಈ ದೇಶದಲ್ಲಿ ಯಾರೂ ಅವಳನ್ನು ನೇರವಾಗಿ ಅದನ್ನು ಕೇಳಿರಲಿಲ್ಲ. ಸ್ವಂತ ಊರಿನಲ್ಲೂ ಕೇಳಿರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಹಳದಿ" ಎಂದಳು ಊರ್ಮಿಳಾ.

ಮರೈಕೆ ಒಂದು ಗಳಿಗೆ ಅವಳನ್ನು ನೋಡಿ, ಬೂಟು ಸಿಕ್ಕಿಸುವ ಕೊಂಡಿ ಕೂರಿಸಲು ಎರಡೂ ಜೋಡಿಯನ್ನು ಒಳಗೆ ಒಯ್ದಳು. ನೀಲಿಯದನ್ನು ಜಯದೇವನೇ ತನಗಿಟ್ಟುಕೊಂಡ. ಟ್ರಾಮಿನಲ್ಲಿ ಅದನ್ನು ಮಗ್ಗುಲಲ್ಲಿ ನಿಲ್ಲಿಸಿಕೊಂಡು ದಾರಿಯುದ್ದಕ್ಕೂ ನಗುನಗುತ್ತ ಬಂದ. ಊರ್ಮಿಳಾ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವನ ಮೇಲೆ ಸಿಟ್ಟು ಬಂದಿತ್ತು. ಅದಕ್ಕಿಂತ ಹೆಚ್ಚು ಸಿಟ್ಟು ತನ್ನ ಬಾಯಿಯ ಮೇಲೆ ಬಂದಿತ್ತು.

ಆಸ್ಟ್ರಿಯಾದ ಮೊದಲ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ಅವಳು ಜೀವಮಾನದಲ್ಲಿ ನೋಡಿದ ಮೊದಲ ನಿಜವಾದ ಹಿಮದ ಬೆಟ್ಟ, ಸೂರಿಲ್ಲದ್ದು, ಕಣ್ಣು ಹರಿಯುವಷ್ಟು ದೂರ ಇಳಿಯುವಂಥದ್ದು. ನಾಲ್ಕು ತಿರುವು ಹೋಗುವಷ್ಟರಲ್ಲಿ ಕಾಲಡಿಯ ಹಳದಿ ಹಲಗೆಗಳು ಗಡಗಡ ಅದುರತೊಡಗಿದವು. ವೇಗ ತಗ್ಗಿಸಲೇಬೇಕಾಯಿತು. ತಗ್ಗಿಸುತ್ತಿದ್ದಾಗ ಮೇಲಿಂದ ಕೂಗು ಕೇಳಿತು.

"ಊರ್ಮೀ!"

ಜಯದೇವ ಇಳಿಜಾರಿನ ನಡುವೆ ಕುಕ್ಕರಿಸಿದ್ದ. ನೀಲಿ ಸ್ಕೀಗಳು ಒಂದರ ಮೇಲೊಂದು ಕತ್ತರಿ ಹಾಕಿಕೊಂಡಿದ್ದವು. ತಿರುಗಿಸಲು ಬಾರದು, ನೇರ ಬಿಡಲು ಧೈರ್ಯವಿಲ್ಲ, ಮುಖ ಬಿಳಿಚಿಕೊಂಡಿತ್ತು. ಅವಳು ಅಡ್ಡಹೆಜ್ಜೆ ಹಾಕುತ್ತ ಅಷ್ಟೂ ಏರನ್ನು ಹತ್ತಿ ಬಂದು ಎಬ್ಬಿಸಿದಳು. ತನ್ನ ಸ್ಕೀ ಕೋಲಿನ ತುದಿಯನ್ನು ಅವನ ಕೈಗೆ ಕೊಟ್ಟು, ತಾನು ಮುಂದೆ ನಿಂತು, ಅವನ ಭಾರವನ್ನೆಲ್ಲ ತಡೆಹಿಡಿಯುತ್ತ ಕೆಳಗಿನವರೆಗೂ ಒಂದೊಂದೇ ಅಡಿ ಇಳಿಸಿದಳು. ಎರಡೂ ಬದಿಯಿಂದ ಆಫೀಸಿನ ಹೆಂಗಸರು ಹಾರುವ ಹಾಗೆ ದಾಟಿ ಹೋದರು. ಆ ಇಳಿಜಾರೆಲ್ಲ ತನ್ನದಾಗಬಹುದಿತ್ತು.

ಬುಡಕ್ಕೆ ಬಂದ ಮೇಲೆ ಜಯದೇವನಿಗೆ ಜೀವ ಬಂತು. ಬಿಸಿ ಚಾಕಲೇಟ್ ಕುಡಿಯುತ್ತಿದ್ದ ಸಹೋದ್ಯೋಗಿಗಳಿಗೆ ಕೈಬೀಸಿ, ನೀಲಿ ಸ್ಕೀಯನ್ನು ಅವರ ಸ್ಕೀಗಳ ಸಾಲಿನಲ್ಲಿ ನೆಟ್ಟಗೆ ನಿಲ್ಲಿಸಿ ಬಂದು, ಅವಳ ಹೆಗಲ ಮೇಲೆ ಪ್ರೀತಿಯಿಂದಲೇ ಕೈಯಿಟ್ಟ.

"ನೋಡ್ದ್ಯಾ, ನಾನ್ ಹೇಳ್ಲಿಲ್ವಾ? ನಿಂಗೆ ಚಿಕ್ಕದೇ ಸರಿ. ಉದ್ದದ್ದಾಗಿದ್ರೆ ಇಷ್ಟು ನಿಧಾನವಾಗಿ ನನ್ನ ಜೊತೆ ಬರೋಕ್ಕೆ ನಿಂಗೆ ಆಗ್ತಿತ್ತಾ?"

ಅವನ ಭಾರ ಹೊತ್ತು ಅವಳ ತೊಡೆಗಳು ಇನ್ನೂ ನಡುಗುತ್ತಿದ್ದವು. ಹೇಳಬೇಕಾದದ್ದೆಲ್ಲ ಅವಳಿಗೆ ಗೊತ್ತಿತ್ತು, ಅಕ್ಷರ ಅಕ್ಷರವೂ ಗೊತ್ತಿತ್ತು.

"ಇಲ್ಲ ರೀ, ಆಗ್ತಿರ್ಲಿಲ್ಲ" ಎಂದಳು.