ಗುಡಾರದೊಳಗಿನ ಒಲೆ

ಅಕ್ಟೋಬರ್ ಬಂತೆಂದರೆ ಆರ್ಡನ್‌ಗೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಅವನು ಚಿಕ್ಕವನಿದ್ದಾಗ, ಅಮೆರಿಕದ ಮೊಂಟಾನಾದ ಬೆಟ್ಟಗಳಲ್ಲಿ ಮೊದಲ ಹಿಮ ಬೀಳುತ್ತಿದ್ದಂತೆ, ಅಪ್ಪ ಕ್ಯಾನ್ವಾಸ್ ಗುಡಾರವನ್ನೂ ತಗಡಿನ ಒಲೆಯನ್ನೂ ಹೇಸರಗತ್ತೆಗಳ ಮೇಲೆ ಹೇರಿ, ಮಕ್ಕಳಿಬ್ಬರನ್ನೂ ಕರೆದುಕೊಂಡು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೊರಡುತ್ತಿದ್ದ. ಒದ್ದೆ ಉಣ್ಣೆಯ ವಾಸನೆ, ಬಾಣಲೆಯಲ್ಲಿ ಹಂದಿಮಾಂಸದ ಚುರುಚುರು ಸದ್ದು, ಒಲೆ ಕೆಂಪಗಾದ ಮೇಲೆ ಅಪ್ಪ ಕರಡಿಗಳ ಬಗ್ಗೆ ಬಿಡುತ್ತಿದ್ದ ಬುರುಡೆ ಕಥೆಗಳು. ಅಪ್ಪ ತೀರಿಕೊಂಡ ಮೇಲೆ ಗುಡಾರ ಕೊಟ್ಟಿಗೆಯಲ್ಲಿ ಇಲಿಗಳ ಪಾಲಾಯಿತು.

ಈ ವರ್ಷ ತಂಗಿ ಕೊರಿನ್ ಫೋನ್ ಮಾಡಿ, ಅದೇ ಜಾಗಕ್ಕೆ ಮತ್ತೊಮ್ಮೆ ಹೋಗೋಣ ಎಂದಳು. ಇಬ್ಬರ ತಲೆಯೂ ನರೆತಿತ್ತು. ಆರ್ಡನ್ ಸಂಭ್ರಮದಿಂದ ಬೆನ್ನ ಮೇಲೆ ಹೊರುವಂಥ ಹಗುರವಾದ ಹೊಸ ಟೆಂಟನ್ನೂ ಹೊಗೆಕೊಳವೆಯ ಸಮೇತ ಮಡಚಿಡುವ ಪುಟ್ಟ ಕಟ್ಟಿಗೆ ಒಲೆಯನ್ನೂ ಕೊಂಡ. ಊರಿನ ಅಗ್ನಿಶಾಮಕ ದಳದಲ್ಲಿ ಸ್ವಯಂಸೇವಕನಾಗಿದ್ದ ನೆರೆಮನೆಯ ವೆಂಡೆಲ್ ಕೂಡ ತನ್ನ ಕುದುರೆಗಳನ್ನು ಹಿಡಿದುಕೊಂಡು ಜೊತೆಗೆ ಹೊರಟ.

ಟೆಂಟ್ ಹಾಕಿದ ಕೂಡಲೇ ವೆಂಡೆಲ್ ಬಾಗಿಲ ಕೆಳಗೆ ಒಂದು ಗೇಣು ಸಂದು ಬಿಟ್ಟ, ಮೇಲಿನ ಗಾಳಿಕಿಂಡಿಯನ್ನೂ ತೆರೆದ. ವಿಷಗಾಳಿ ತುಂಬಿದರೆ ಕೂಗುವ ಪುಟ್ಟ ಯಂತ್ರವೊಂದನ್ನು ನೇತುಹಾಕಿದ. ಆರ್ಡನ್‌ಗೆ ನಗು ಬಂತು.

"ಅಪ್ಪ ಜೀವಮಾನವೆಲ್ಲ ಗುಡಾರದಲ್ಲಿ ಒಲೆ ಹಚ್ಚಿದ. ಅವನಿಗೇನಾಯ್ತು? ವಯಸ್ಸಾಗಿ ಮನೇಲಿ ಮಂಚದ ಮೇಲೆ ಸತ್ತ."

"ನಿಮ್ಮಪ್ಪನ ಗುಡಾರದಲ್ಲಿ ಬಟ್ಟೆಗಿಂತ ತೂತೇ ಜಾಸ್ತಿ ಇತ್ತು ಕಣೋ," ಎಂದ ವೆಂಡೆಲ್. "ಇದು ಹಾಗಲ್ಲ. ಮುಚ್ಚಿದ್ರೆ ಡಬ್ಬಿ."

ಮರುದಿನ ಮಧ್ಯಾಹ್ನ ಹಿಮಗಾಳಿ ಎದ್ದಿತು. ವೆಂಡೆಲ್ ಕುದುರೆಗಳನ್ನು ಮರಗಳ ಮರೆಗೆ ಕಟ್ಟಲು ಹೋಗಿದ್ದ. ಕೊರಿನ್ ನಡುಗುತ್ತಿದ್ದಳು. ತಂಗಿ ಬೆಚ್ಚಗಿರಲಿ ಎಂದು ಆರ್ಡನ್ ಬಾಗಿಲನ್ನು ಕೆಳಗಿನವರೆಗೂ ಎಳೆದ, ಗಾಳಿಕಿಂಡಿ ಮುಚ್ಚಿದ, ಅಂಚಿಗೆಲ್ಲ ಹಿಮ ಒಟ್ಟಿದ. ಕಟ್ಟಿಗೆ ಹೆಚ್ಚು ಹೊತ್ತು ಬರಲೆಂದು ಒಲೆಯ ಗಾಳಿದಾರಿಯನ್ನೂ ಬಿಗಿದ. ಸ್ವಲ್ಪ ಹೊತ್ತಿಗೆ ಯಂತ್ರ ಕಿರುಚತೊಡಗಿತು. ಆರ್ಡನ್ ಗೊಣಗುತ್ತ ಅದರ ಬ್ಯಾಟರಿ ಕಿತ್ತಿಟ್ಟ.

ಕೊರಿನ್ ತಲೆ ಸಿಡಿಯುತ್ತಿದೆ ಎಂದಳು. ಎತ್ತರದ ಜಾಗವಲ್ಲವೇ, ಮಲಗಿದರೆ ಸರಿಹೋಗುತ್ತದೆ ಎಂದ ಅಣ್ಣ. ಆಮೇಲೆ ಏನೋ ಕೇಳಿದರೆ ಅವಳು ಉತ್ತರಿಸಲಿಲ್ಲ. ಅವಳನ್ನು ಅಲುಗಾಡಿಸಲು ಏಳಹೋದವನಿಗೆ ಮೊಣಕಾಲೇ ನಿಲ್ಲಲಿಲ್ಲ.

ಅಷ್ಟರಲ್ಲಿ ಮರಳಿದ ವೆಂಡೆಲ್ ಬಾಗಿಲನ್ನು ಹರಿದು ತೆಗೆದು ಇಬ್ಬರನ್ನೂ ಹಿಮಕ್ಕೆ ಎಳೆದು ಹಾಕಿದ. ಆರ್ಡನ್ ವಾಂತಿ ಮಾಡಿಕೊಂಡ. ಕೊರಿನ್ ಕಣ್ಣು ತೆರೆಯುವವರೆಗೂ ವೆಂಡೆಲ್ ಅವಳ ಕೈಯನ್ನು ಉಜ್ಜುತ್ತ ಹೆಸರು ಹಿಡಿದು ಕರೆಯುತ್ತಲೇ ಇದ್ದ. ಅವಳನ್ನು ಕುದುರೆಯ ಮೇಲೆ ಕೂರಿಸಿ ಕೆಳಗಿಳಿಸಿದರು. ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಕೊಟ್ಟರು.

ಆರ್ಡನ್ ತಲೆ ತಗ್ಗಿಸಿ ಅವಳ ಹಾಸಿಗೆಯ ಪಕ್ಕ ಕೂತಿದ್ದ. ಕೊರಿನ್ ಮೆಲ್ಲಗೆ ಹೇಳಿದಳು:

"ಅಣ್ಣಾ, ಅಪ್ಪ ಗುಡಾರದ ಬಾಗಿಲನ್ನ ಪೂರ್ತಿ ಕಟ್ಟೋಕೆ ಬಿಡ್ತಾನೇ ಇರ್ಲಿಲ್ಲ, ನೆನಪಿದ್ಯಾ? ಚಳಿ ಅಂತ ನೀನು ಕಟ್ತಿದ್ದೆ. ಅವನು ಎದ್ದು ಬಿಚ್ಚಿ, ತನ್ನ ಕೋಟನ್ನ ನಿನ್ನ ಕಾಲಿಗೆ ಹೊದಿಸ್ತಿದ್ದ."

ಕೋಟಿನ ಭಾರ ಆರ್ಡನ್‌ಗೆ ನೆನಪಿತ್ತು, ಅದರ ಹೊಗೆಸೊಪ್ಪಿನ ವಾಸನೆಯೂ. ಬಾಗಿಲು ಮಾತ್ರ ಮರೆತೇಹೋಗಿತ್ತು.

ಬೇಟೆಯ ಹಂಗಾಮು ಮುಗಿಯುವ ಮೊದಲು, ಹರಿದ ಬಾಗಿಲನ್ನು ಹೊಲಿಸಿಕೊಂಡು, ಮೂವರೂ ಮತ್ತೆ ಬೆಟ್ಟ ಹತ್ತಿದರು. ಈ ಸಲ ಬಾಗಿಲ ಸಂದು ಬಿಟ್ಟವನೂ ಯಂತ್ರ ನೇತುಹಾಕಿದವನೂ ಆರ್ಡನ್. ಕೊರಿನ್ ಅಪ್ಪನ ಕರಡಿ ಕಥೆಯೊಂದನ್ನು ಅವನದೇ ದನಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದಳು.

ಈ ಹಂಗಾಮಿನಲ್ಲಿ ಗುಡಾರದೊಳಗೆ ಒಲೆ ಹಚ್ಚುವವರೇ, ಹೊಗೆ ಕಣ್ಣಿಗೆ ಕಾಣುತ್ತದೆ. ಕೊಲ್ಲುವ ಆ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್, ಕಾಣುವುದಿಲ್ಲ, ವಾಸನೆಯೂ ಇಲ್ಲ. ಮೇಲೆ ಕೆಳಗೆ ಗಾಳಿಗೆ ದಾರಿ ಬಿಡಿ. ಹಿಮ ಬಿದ್ದರೆ ಆ ದಾರಿ ಮುಚ್ಚಿದೆಯೇ ಎಂದು ಆಗಾಗ ನೋಡಿ. ಒಲೆ ಉರಿಯುತ್ತಿರುವಾಗ ಒಬ್ಬರಾದರೂ ಎಚ್ಚರವಾಗಿರಿ. ಯಂತ್ರ ಕೂಗಿದರೆ, ತಲೆನೋವು ಓಕರಿಕೆ ಬಂದರೆ, ಕಾರಣ ಹುಡುಕುತ್ತ ಕೂರದೆ ಮೊದಲು ಹೊರಗೆ ಬನ್ನಿ. ಬೇಟೆ ಸಿಗದಿದ್ದರೂ ಚಿಂತೆಯಿಲ್ಲ, ಹೋದವರೆಲ್ಲ ಮನೆಗೆ ಬನ್ನಿ.