ಎಂಬತ್ತನಾಲ್ಕು ತಲೆ

ಬೆಂಗಳೂರಿನ ಮೆಟ್ರೋ ಸ್ಟೇಷನ್ನುಗಳಿಗೆ ಗೇಟು ಕಾಯುವ ಹೆಂಗಸರನ್ನು ಒದಗಿಸುವ ಗುತ್ತಿಗೆದಾರನೊಬ್ಬ ಮಡಕಶಿರಾದಲ್ಲಿ ಮುಚ್ಚಿಹೋದ ಕಡಲೆಕಾಯಿ ಮಿಲ್ಲೊಂದನ್ನು ಬಾಡಿಗೆಗೆ ಹಿಡಿದಿದ್ದ. ಒಳಗೆ, ಸಿಪ್ಪೆಯ ವಾಸನೆ ಇನ್ನೂ ಬಿಡದ ಗೋಡೆಗಳ ನಡುವೆ, ಎಲ್ಲಿಂದಲೋ ಹೊತ್ತು ತಂದ ಒಂದು ನಿಜವಾದ ಗೇಟು ನಿಂತಿತ್ತು. ಸೊಂಟದೆತ್ತರಕ್ಕೆ ಎರಡು ಕೆಂಪು ರೆಕ್ಕೆ. ಕಾರ್ಡು ಮುಟ್ಟಿಸಿದರೆ ತೆರೆಯುತ್ತಿತ್ತು, ಮುಟ್ಟಿಸದೆ ನುಗ್ಗಿದರೆ ಬಡಿಯುತ್ತಿತ್ತು. ಊಟಕ್ಕೆ, ನಿದ್ದೆಗೆ, ನಲ್ಲಿಗೆ, ಎಲ್ಲಿಗೆ ಹೋಗಬೇಕಾದರೂ ಅದರ ಮೂಲಕವೇ ಹೋಗಬೇಕು, ಅದೇ ತರಬೇತಿ ಅಂತ ಶಿವಶಂಕರ್ ಮೇಷ್ಟ್ರ ಕಾನೂನು.

ಹನ್ನೊಂದು ಜನರಲ್ಲಿ ನಾಲ್ವರಿಗೆ ಕೆಲಸ. ಮೂವರ ಹೆಸರು ಆಗಲೇ ಗೋಡೆಗೆ ಅಂಟಿತ್ತು. ಉಳಿದ ಒಂದು ಜಾಗಕ್ಕೆ ತ್ರಿವೇಣಿ ಮತ್ತು ದುರುಗಕ್ಕ. ಇಬ್ಬರೂ ಗುಮ್ಮಘಟ್ಟದ ಕಡೆಯವರು, ಒಂದೇ ಊರು, ಎದುರುಬದುರು ಮನೆ.

ತ್ರಿವೇಣಿಯನ್ನು ಇಲ್ಲಿಗೆ ಕರೆತಂದವಳೇ ದುರುಗಕ್ಕ. ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ದಾರ ಕತ್ತರಿಸುತ್ತ ತ್ರಿವೇಣಿ ನೀಲಿ ಧೂಳು ಕೆಮ್ಮತೊಡಗಿದಾಗ, "ಇಲ್ಲೇ ಸಾಯ್ತೀಯೇನ? ನಡಿ ನನ್ನ ಕೂಡ" ಎಂದು ಎಬ್ಬಿಸಿದವಳು. ಎರಡನೇ ದಿನ ಗೇಟಿನ ರೆಕ್ಕೆ ಸೊಂಟಕ್ಕೆ ಬಡಿದು ತ್ರಿವೇಣಿ ಅತ್ತಾಗ, ಅವಳ ಕೈ ಹಿಡಿದು ಇಪ್ಪತ್ತು ಸಲ ಅದರೊಳಗೆ ಹಾಯಿಸಿದವಳೂ ಅವಳೇ. "ನೋಡು, ಟಗರಿಗಿಂತ ಮೆಲ್ಲಕ ಗುದ್ದತೈತಿ."

ಕುರಿಮನೆಯ ಚಾಳಿ ಇಬ್ಬರಿಗೂ ಇತ್ತು. ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನು ಮುಟ್ಟಿ ಎಣಿಸಿದ ಕೈ, ಇಲ್ಲಿ ಜನರ ಬೆನ್ನಿಗೂ ಹೋಗುತ್ತಿತ್ತು. ಶಿವಶಂಕರ್ ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದ. "ಮುಟ್ಬಾರ್ದು ಕಣಮ್ಮ! ಪ್ಯಾಸೆಂಜರ್ ಅವ್ರು, ನಿಮ್ಮಪ್ಪನ ಕುರಿ ಅಲ್ಲ."

ಕೊನೆಯ ಪರೀಕ್ಷೆ ಏನೆಂದು ಅವನು ಹೇಳಿದ್ದು ಎರಡು ದಿನದ ಹಿಂದೆ. ಗೇಟು ಕೆಟ್ಟಾಗ ಪಕ್ಕದ ದೊಡ್ಡ ಬಾಗಿಲಿನಿಂದ ಜನರನ್ನು ಬಿಡುತ್ತಾರೆ. ಎಷ್ಟು ಜನ ಒಳಗೆ ಹೋದರೆಂದು ಬಾಗಿಲಲ್ಲಿ ನಿಂತವಳು ಹೇಳಬೇಕು. ಅಂದು ದುರುಗಕ್ಕ ಇರಲಿಲ್ಲ. ಮಗಳಿಗೆ ಜ್ವರ ಅಂತ ಊರಿಗೆ ಹೋಗಿದ್ದಳು. ತ್ರಿವೇಣಿಯೇ ಎದ್ದು ನಿಂತು ಕೇಳಿದ್ದಳು: "ಸೊಂಟದ ಮ್ಯಾಗಿನ ಕೂಸನ್ನೂ ಎಣಸಬೇಕೇನ್ರಿ? ನಮ್ಮ ಕಡೆ ಹಾಲು ಕುಡಿಯೋ ಮರಿ ತಾಯಿ ಕೂಡ ಒಂದ ಲೆಕ್ಕ."

ಇಡೀ ಮಿಲ್ಲು ನಕ್ಕಿತ್ತು. ಶಿವಶಂಕರ್ ಮೇಜಿನ ಮೇಲೆ ಬಿದ್ದು ನಕ್ಕಿದ್ದ. "ಬೆಂಕಿ ಬಿದ್ರೆ ಆ ಕೂಸು ಸುಡಲ್ವೇನಮ್ಮ? ಟಿಕೆಟ್ ಬೇಡ, ಆದ್ರೆ ತಲೆ ಐತಲ್ಲ! ತಲೆ ಎಣ್ಸು." ಆ ದಿನವೆಲ್ಲ ಅವಳನ್ನು ಕಂಡವರು "ಮ್ಯಾ" ಅಂದಿದ್ದರು.

ಇವತ್ತು ಪರೀಕ್ಷೆ. ಬೀದಿಯಾಚೆ ಗಾರ್ಮೆಂಟ್ಸ್ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು, ಅವರ ಕೂಸುಗಳು, ಸಂತೆಗೆ ಬಂದ ಮುದುಕರು, ಎಲ್ಲರಿಗೂ ಬನ್ನು, ಟೀ ಕೊಡುತ್ತೇನೆಂದು ಶಿವಶಂಕರ್ ಅಂಗಳಕ್ಕೆ ಕರೆತಂದಿದ್ದ. ದುರುಗಕ್ಕ ತ್ರಿವೇಣಿಯ ಕಿವಿಯ ಹತ್ತಿರ ಬಂದಳು.

"ಲೇ, ಬಗಲಾಗಿನ ಕೂಸುಗಳನ್ನ ಏನ್ ಮಾಡೋದು? ಎಣಸೋದೋ, ಬಿಡೋದೋ? ಮೇಷ್ಟ್ರ ಹೇಳಿದ ದಿನ ನಾ ಇರಲಿಲ್ಲ ನೋಡು."

ತ್ರಿವೇಣಿ ತನ್ನ ಉಗುರು ನೋಡಿಕೊಂಡಳು. ಬುಡದಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ. ನಾಲ್ಕನೆಯ ಹೆಸರು ಒಂದೇ. ಅದು ದುರುಗಕ್ಕನದಾದರೆ, ನಾಳೆ ಬೆಳಿಗ್ಗೆ ಮತ್ತೆ ಆ ಧೂಳಿನ ಕೋಣೆ, ಮತ್ತೆ ಕತ್ತರಿ, ಮತ್ತೆ ಕೆಮ್ಮು.

"ಹಾಲುಮರಿ ತಾಯಿ ಲೆಕ್ಕದಾಗ ಬರ್ತೈತಲ್ಲಕ್ಕ" ಎಂದಳು. "ಇಲ್ಲೂ ಹಂಗ."

"ಹಂಗಾರ ಚಲೋ ಆತು. ನಮಗ ಗೊತ್ತಿದ್ದಿದ್ದ" ಎಂದು ದುರುಗಕ್ಕ ಅವಳ ಕೆನ್ನೆ ತಟ್ಟಿದಳು.

ಬಾಗಿಲು ತೆರೆಯಿತು. ಒಬ್ಬೊಬ್ಬರು ಒಂದೊಂದು ಪಕ್ಕ ನಿಂತರು. ಜನ ಬನ್ನಿನ ಬುಟ್ಟಿಯ ಕಡೆ ನುಗ್ಗಿದರು. ತ್ರಿವೇಣಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಣಿಸಿದಳು. ಸೊಂಟದ ಮೇಲಿನ ಒಂದು ಕೂಸು ಅವಳ ಕಡೆ ನೋಡಿ ನಕ್ಕಿತು. ಮೂವತ್ತೊಂದು ಎಂದುಕೊಂಡಳು.

ಇಬ್ಬರೂ ಲೆಕ್ಕ ಬರೆದುಕೊಟ್ಟ ಚೀಟಿಗಳನ್ನು ಶಿವಶಂಕರ್ ಗಟ್ಟಿಯಾಗಿ ಓದಿದ.

"ತ್ರಿವೇಣಿ, ಎಂಬತ್ನಾಲ್ಕು. ನಂದೂ ಎಂಬತ್ನಾಲ್ಕೇ. ದುರುಗಮ್ಮ, ಎಪ್ಪತ್ತೇಳು!" ಅವನು ಕಣ್ಣರಳಿಸಿದ. "ಏಳು ಜೀವ ಎಲ್ಲೋದ್ವಮ್ಮ? ನುಂಗ್ಬುಟ್ಯಾ?"

"ಕೂಸುಗಳನ್ನ ಬಿಟ್ಟೀನ್ರಿ. ತಾಯಿ ಕೂಡ ಒಂದ ಅಂತ..."

"ಓಹೋ! ಇದೂ ಅದೇ ಹಟ್ಟೀದು!" ಮತ್ತೆ ನಗು. "ಮೊನ್ನೆ ಇವ್ಳೂ ಅದನ್ನೇ ಕೇಳಿದ್ಲು ಕಣಮ್ಮ. ತಲೆ ಎಣ್ಸು ಅಂತ ಅವತ್ತೇ ಹೇಳಿದ್ನಲ್ಲ. ನಿಮ್ಮೂರೋಳು ನಿಂಗೆ ಹೇಳ್ಲಿಲ್ವಾ?"

ದುರುಗಕ್ಕ ತ್ರಿವೇಣಿಯ ಕಡೆ ತಿರುಗಿದಳು. ಬಯ್ಯುತ್ತಾಳೆ ಎಂದು ತ್ರಿವೇಣಿ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹೇಳಿದ್ಳ್ರಿ" ಎಂದಳು ದುರುಗಕ್ಕ. "ನನಗ ನೆನಪ ಹಾರಿತು."

ಗೇಟು ದಾಟಿ ಒಳಗೆ ಹೋಗಿ, ಸೀರೆಗಂಟು ಹೆಗಲಿಗೇರಿಸಿಕೊಂಡು ಬಂದು, ತನ್ನ ಕಾರ್ಡನ್ನು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಶಿವಶಂಕರ್ ದೊಡ್ಡ ಬಾಗಿಲು ಮುಚ್ಚಿಸಿ, ತ್ರಿವೇಣಿಗೆ ನೀಲಿ ಕೋಟು ತೊಡಿಸಿ ಗೇಟಿನ ಪಕ್ಕ ನಿಲ್ಲಿಸಿದ್ದ.

"ತಡಿ ತಡಿ. ಇದೇ ನಿನ್ ಮೊದಲ್ನೇ ಡ್ಯೂಟಿ" ಎಂದು ಕುರ್ಚಿ ಎಳೆದು ಕೂತ. "ಕಾರ್ಡಿಲ್ದಿರೋ ಪ್ಯಾಸೆಂಜರ್ ಬರ್ತಾವ್ಳೆ. ಏನ್ ಹೇಳ್ಬೇಕು?"

"ಸಾರ್, ಅಕ್ಕ ಊರಿಗೆ ಹೊಂಟಾಳ್ರಿ..."

"ಅಕ್ಕ ಯಾರು? ಅಲ್ಲಿ ಅಕ್ಕ ಇಲ್ಲ, ತಂಗಿ ಇಲ್ಲ. ಕೋಟು ಬಿಚ್ಲಾ?"

ತ್ರಿವೇಣಿ ಕೋಟಿನ ಗುಂಡಿ ಬಿಗಿಯಾಗಿ ಹಿಡಿದಳು. ಹನ್ನೆರಡು ದಿನ ಬಾಯಿಪಾಠ ಮಾಡಿದ ಕನ್ನಡ ಹೊರಬಂತು. "ಮೇಡಂ, ದಯವಿಟ್ಟು ನಿಮ್ಮ ಕಾರ್ಡು ಅಥವಾ ಟೋಕನ್ ತೋರಿಸಿ."

"ಇಲ್ಲ" ಎಂದಳು ದುರುಗಕ್ಕ.

"ಮೇಡಂ, ಕಾರ್ಡು ಇಲ್ಲದೆ ಹೊರಗೆ ಹೋಗಲು ಅವಕಾಶವಿಲ್ಲ."

"ಅಷ್ಟ ಜೋರಾಗಿ ಹೇಳಬೇಕು. ಮುಂದ ಕೂಡ ಹಂಗ ಹೇಳು" ಎಂದು ದುರುಗಕ್ಕ ಮೆಲ್ಲಗೆ ಹೇಳಿ ನೇರ ನಡೆದಳು. ರೆಕ್ಕೆಗಳು ಸೊಂಟಕ್ಕೆ ಬಡಿದವು. ಅವಳು ಕದಲಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ಗಂಟನ್ನು ಆಚೆ ಎಸೆದಳು. ಸೀರೆಯ ನೆರಿಗೆ ಎತ್ತಿ ಕಟ್ಟಿ, ಅಂಗೈ ನೆಲಕ್ಕೂರಿ, ರೆಕ್ಕೆಗಳ ಕೆಳಗೆ ತೆವಳಿದಳು. ಹಿಂದೆ ಯಾರೋ "ಮ್ಯಾ" ಅಂದರು.

ಆಚೆ ಬದಿಯಲ್ಲಿ ಮೊದಲು ತಲೆ ಬಂತು, ಆಮೇಲೆ ಭುಜ. ತ್ರಿವೇಣಿಯ ಕೈ ಅವಳನ್ನು ಕೇಳದೆ ಹೋಗಿ ದುರುಗಕ್ಕನ ಬೆನ್ನು ಮುಟ್ಟಿತು.

ಗೆಣ್ಣಿಗೆ ಸ್ಕೇಲು ಬಿತ್ತು.

"ಮುಟ್ಬಾರ್ದು ಅಂತ ಎಷ್ಟ್ ಸಲ ಹೇಳ್ಬೇಕು?"

"ಸಾರಿ ಸಾರ್" ಎಂದಳು ತ್ರಿವೇಣಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.