ನಲವತ್ತೊಂದನೆಯವಳ ಹೊಲಿಗೆ

ಟಕ್‌ಟಕ್ ಟಕ್‌ಟಕ್, ಇಷ್ಟು ಅವಸರವೇ, ನಿನ್ನೆ ಬೆಳಿಗ್ಗೆಯವರೆಗೂ ಒಂದು ಟಕ್ ಆದಮೇಲೆ ಉಸಿರೆಳೆದುಕೊಂಡು ಇನ್ನೊಂದು ಅನ್ನುತ್ತಿತ್ತಲ್ಲ, ಅವಳು ಕೈಲಿದ್ದ ರಿಸೀವರಿನ ಆಂಟೆನಾವನ್ನು ಅಣೆಕಟ್ಟಿನ ಮೂರನೇ ಗೇಟಿನತ್ತ ತಿರುಗಿಸಿದಳು, ಹೌದು, ಗೇಟಿನ ಬುಡದಲ್ಲೇ, ನಲವತ್ತೊಂದನೇ ನಂಬರಿನ ಮೀನು, ಜಾಡು ಹಿಡಿಯಲೆಂದು ಹೋದ ವಾರ ತಾನೇ ಹೊಟ್ಟೆ ಸೀಳಿ ಬೆರಳುದ್ದದ ರೇಡಿಯೊ ಇಟ್ಟು ಹೊಲಿದು ಬಿಟ್ಟದ್ದು, ಬಿಳಿ ಹೊಟ್ಟೆಯ ಮೇಲೆ ಮೂರು ನೀಲಿ ಹೊಲಿಗೆ, ಒಳಗೆ ರಾಶಿ ಮೊಟ್ಟೆ, ನಾಲ್ಕು ದಿನದಿಂದ ಹೊಳೆಯ ಮೇಲಕ್ಕೆ ಹೋಗಲು ದಾರಿ ಸಿಗದೆ ಈ ಕಬ್ಬಿಣಕ್ಕೆ ಮೂತಿ ಗುದ್ದುತ್ತಿದ್ದವಳು — ಏನ್ ತಂಗೀ, ಇವತ್ತು ಎದೆ ಜೋರಾಗಿ ಹೊಡ್ಕೋತಿದೆ, ಗಟ್ಟಿಗಿತ್ತಿ ನಿಮ್ಮೋಳು, ಗೇಟಿನವನು ಮೇಲಿನಿಂದ ನಗುತ್ತಾನೆ, ಅವನಿಗೇನು ಗೊತ್ತು ಪಾಪ, ಇದು ಎದೆಬಡಿತವಲ್ಲ, ಎಂಟು ತಾಸು ಅಲುಗಾಡದೆ ಬಿದ್ದಿದ್ದರೆ ರೇಡಿಯೊದ ಬಡಿತ ಇಮ್ಮಡಿಯಾಗುತ್ತದೆ, ಬದುಕಿದ್ದರೆ ನಿಧಾನ, ಸತ್ತರೆ ಅವಸರ, ಯಾರ ತಲೆಯಲ್ಲಿ ಹೊಳೆಯಿತೋ ಈ ತಿರುಗುಮುರುಗು, ಹೇಳಬೇಕು ಅವನಿಗೆ, ಹೇಳಿ ಏನು, ಮೊನ್ನೆಯೂ ಕೈಮುಗಿದಿದ್ದಳು, ಅಣ್ಣಾ ಒಂದೇ ಒಂದು ಗಂಟೆ ಗೇಟು ಎತ್ತಿ, ನಾನೇನ್ಮಾಡ್ಲಿ ತಂಗೀ, ಕೀಲಿ ನನ್ನ ಹತ್ರ ಇದೆ, ಕೈ ಮಾತ್ರ ನಂದಲ್ಲ, ಮೇಲಿಂದ ಕಾಗದ ಬರ್ಲಿ, ಬರುತ್ತದೆ, ಯಾವ ಮೇಜಿನ ಮೇಲೆ ಯಾವ ಲೋಟದಡಿ ಕೂತಿದೆಯೋ ಅವಳ ಅರ್ಜಿ —

ಸತ್ತಿರದೆಯೂ ಇರಬಹುದು, ಇರಬಹುದು, ಹೊಲಿಗೆ ಬಿಚ್ಚಿ ರೇಡಿಯೊ ಜಾರಿಬಿದ್ದು ಕಲ್ಲಿನ ಸಂದಿಯಲ್ಲಿ ಅದೊಂದೇ ಬಡಿದುಕೊಳ್ಳುತ್ತಿರಬಹುದು, ಆಗುತ್ತದೆ ಹಾಗೆ, ನಿನ್ನ ಹೊಲಿಗೆ ಒಂದು ಒಗೆತಕ್ಕೆ ಬಾಯಿ ಬಿಡುತ್ತೆ ಕಣೇ, ಅಮ್ಮ ಎಷ್ಟು ಸಲ ಅಂದಿಲ್ಲ, ಇವಳು ಹಾಕಿದ ಗುಂಡಿ ಬಸ್ಸು ಹತ್ತೋದ್ರೊಳಗೆ ಉದುರುತ್ತೆ ಅಂತ ಅಕ್ಕ ಬಿದ್ದು ಬಿದ್ದು ನಕ್ಕಿಲ್ಲ, ಹೌದಮ್ಮ, ಈ ಒಂದು ಸಲ ನಿನ್ನ ಬಾಯಿಹರಕೆ ಫಲಿಸಲಿ, ಬಿಚ್ಚಿಹೋಗಿರಲಿ, ಮೀನು ಹಗುರಾಗಿ ಎಲ್ಲಾದರೂ ಒಂದಿಷ್ಟು ಮರಳು ಹುಡುಕಿಕೊಂಡು — ಟಕ್‌ಟಕ್ — ಆದರೆ ಅವತ್ತು ಮೀನು ಮಲಗಿಸಿದ ಟಬ್ಬಿನ ಮುಂದೆ ಕೂತಾಗ ಅಮ್ಮನ ಆ ಮಾತು ನೆನಪಾಗಿಯೇ ಅಲ್ಲವೇ ಪ್ರತಿ ಗಂಟಿನ ಮೇಲೆ ಇನ್ನೊಂದು ಗಂಟು ಬಿಗಿದದ್ದು, ಎಳೆದು ನೋಡಿದ್ದು, ಮತ್ತೆ ಎಳೆದು ನೋಡಿ ಒಬ್ಬಳೇ ಬೀಗಿದ್ದು, ಈಗ ಬಿಚ್ಚು ಅಂದರೆ ಬಿಚ್ಚುತ್ತದೆಯೇ, ಏನಂತಾಳೆ ತಂಗೀ ನಿಮ್ಮೋಳು, ಗೇಟಿನವನ ದನಿ, ಕೆಳಗೆ ನೊರೆ, ನೊರೆಯಡಿ ಕಪ್ಪು ನೀರು, ಟಕ್‌ಟಕ್ ಟಕ್‌ಟಕ್, ಬಿಳಿ ಹೊಟ್ಟೆ, ಮೂರು ನೀಲಿ ಹೊಲಿಗೆ, ಒಂದೂ ಸಡಿಲಾಗದ ಮೂರು ನೀಲಿ ಹೊಲಿಗೆ